ಹಿಮದ ಸಾಲ, ಜೂನ್ ವಸೂಲಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ದೇವರಿಗೆ ವರ್ಷಕ್ಕೆ ಆರು ದಿನ ಶಾಲೆ ಮುಚ್ಚಿಸುವ ಅಧಿಕಾರ ಉಂಟು. ಹಿಮ ಸುರಿಸಲಿ, ರಸ್ತೆ ಮೇಲೆ ಮಂಜುಗಡ್ಡೆ ಹಾಸಲಿ, ಕರೆಂಟು ಕೀಳಲಿ, ಆರು ದಿನದವರೆಗೆ ಯಾರೂ ಲೆಕ್ಕ ಕೇಳುವುದಿಲ್ಲ. ಜನ ಅದನ್ನು ‘ಆಕ್ಟ್ ಆಫ್ ಗಾಡ್’ ದಿನ ಎಂದೇ ಕರೆಯುತ್ತಾರೆ. ಏಳನೆಯ ದಿನದಿಂದ ಮಾತ್ರ ದೇವರ ಪರವಾಗಿ ಅರ್ಜಿ ಗುಜರಾಯಿಸಬೇಕು. ಶಾಲಾ ಆಡಳಿತದವರು ರಾಜ್ಯದ ಶಿಕ್ಷಣಾಧಿಕಾರಿಗೆ ಬರೆದುಕೊಂಡು, ಅವರ ಮನಸ್ಸು ಕರಗಿದರೆ, ಇನ್ನೂ ಮೂರು ದಿನ ಮಾಫಿ. ಅದರಾಚೆ ಬಿದ್ದ ಹಿಮವೆಲ್ಲ ಅಕ್ರಮ. ಬೀಳಿಸಿದವನು ಮೇಲೆ ನೆಮ್ಮದಿಯಾಗಿರುತ್ತಾನೆ. ಮಕ್ಕಳು ಜೂನ್ ತಿಂಗಳಲ್ಲಿ ಬೆಂಚಿನ ಮೇಲೆ ಕೂತು ತೀರಿಸಬೇಕು.

2019ರ ಜನವರಿ ಕೊನೆಯಲ್ಲಿ ಧ್ರುವ ಪ್ರದೇಶದ ಚಳಿಗಾಳಿ ಆ ರಾಜ್ಯದ ಮೇಲೆ ಎರಗಿತು. ಗವರ್ನರ್ ಗ್ರೆಚೆನ್ ವಿಟ್ಮರ್ ತುರ್ತು ಪರಿಸ್ಥಿತಿ ಸಾರಿದರು. ಶಾಲೆಗಳು ಮುಚ್ಚಿದವು. ದೇವರ ಕೋಟಾ ಹಲವು ಕಡೆ ಅದಾಗಲೇ ಖಾಲಿಯಾಗಿತ್ತು. ಆಮೇಲೆ ಫೆಬ್ರುವರಿ ಹೋಯಿತು, ಮಾರ್ಚ್ ಹೋಯಿತು, ಗಿಡಗಳು ಚಿಗುರಿದವು. ಆಗ ಶಾಸನಸಭೆಯವರು ಕೂತು, ತುರ್ತು ಪರಿಸ್ಥಿತಿಯ ಆ ನಾಲ್ಕು ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಕಾನೂನು ಮಾಡಿದರು. ಸಹಿ ಬಿದ್ದದ್ದು ಮೇ ತಿಂಗಳಲ್ಲಿ. ಜನವರಿಯಲ್ಲಿ ಮಕ್ಕಳು ಮನೆಯಲ್ಲಿ ಇದ್ದರೋ ಶಾಲೆಯಲ್ಲಿ ಇದ್ದರೋ ಎಂಬುದು ಮೇ ತಿಂಗಳಲ್ಲಿ ಮತಕ್ಕೆ ಹಾಕಿ ತೀರ್ಮಾನವಾಗುವಂಥ ವಿಷಯ. ಭೂತಕಾಲವನ್ನು ಬಹುಮತದಿಂದ ತಿದ್ದುವ ಈ ಸೌಲಭ್ಯ ಶಾಲೆಯವರಿಗಷ್ಟೇ ಏಕೆ, ನಮ್ಮಂಥ ಸಂಸಾರಿಗಳಿಗೂ ಇರಬೇಕಿತ್ತು.

ಈ ಎಲ್ಲ ಗೊಂದಲದ ಮೂಲ ಒಂದು ಸಂಖ್ಯೆ: 180. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಶಾಲಾ ವರ್ಷವೆಂದರೆ 180 ದಿನ. ಎಲ್ಲಿಂದ ಬಂತು, ಯಾಕೆ 179 ಆಗಿರಬಾರದು ಎಂದು ಕೇಳುವವರು ಕಡಿಮೆ. ನಾನಿರುವ ಮೇರಿಲ್ಯಾಂಡಿನಲ್ಲಿ 180 ದಿನದ ಜೊತೆಗೆ 1,080 ಗಂಟೆಯೂ ಆಗಬೇಕು. ಮಿಷಿಗನ್ನಿನಲ್ಲಿ ಅದು 1,098. ಮ್ಯಾಸಚೂಸೆಟ್ಸ್‌ನವರು ಅನುಭವಸ್ಥರು, ಅಲ್ಲಿ 185 ದಿನಕ್ಕೆ ವೇಳಾಪಟ್ಟಿ ಬರೆದು 180 ನಡೆಸಬೇಕೆಂಬ ನಿಯಮ. ಆಕಾಶಕ್ಕೆ ಐದು ದಿನ ಮುಂಗಡವಾಗಿಯೇ ತೆಗೆದಿಟ್ಟ ಹಾಗಾಯಿತು. 2014-15ರ ಚಳಿಗಾಲದಲ್ಲಿ ಬಾಸ್ಟನ್ನಿನ ಮೇಲೆ 110 ಇಂಚಿಗೂ ಹೆಚ್ಚು ಹಿಮ ಬಿತ್ತು. ಒಂಬತ್ತು ಅಡಿ! ತೆಗೆದಿಟ್ಟ ಐದು ದಿನ ಎಲ್ಲಿಗೂ ಸಾಲದೆ ಮಕ್ಕಳು ಜೂನ್ ಕೊನೆಯವರೆಗೂ ಶಾಲೆಗೆ ನಡೆದರು. ಒಹಾಯೊದವರು ಇನ್ನೂ ಚಾಲಾಕಿ. ದಿನದ ಲೆಕ್ಕವನ್ನೇ ಬಿಟ್ಟು ಗಂಟೆಯ ಲೆಕ್ಕ ಹಿಡಿದರು: ಆರನೇ ತರಗತಿಯವರೆಗೆ 910, ಮೇಲಿನವರಿಗೆ 1,001. ದಿನವೂ ಕೊಂಚ ಹೆಚ್ಚು ಹೊತ್ತು ಕೂರಿಸಿಕೊಂಡ ಶಾಲೆಯ ಬಳಿ ಗಂಟೆಗಳು ಜಮೆಯಾಗಿರುತ್ತವೆ. ಹಿಮ ಬಿದ್ದಾಗ ಅದರಿಂದ ಖರ್ಚು ಹಾಕಬಹುದು. ಮಗು ಎಷ್ಟು ಕಲಿಯಿತು ಎಂದು ಅಳೆಯುವುದು ಕಷ್ಟ. ಎಷ್ಟು ಹೊತ್ತು ಕೂತಿತ್ತು ಎಂದು ಅಳೆಯಲು ಗಡಿಯಾರ ಸಾಕು, ಗುಮಾಸ್ತ ಸಾಕು.

ಶಾಲೆ ಮುಚ್ಚುವ ತೀರ್ಮಾನ ಯಾರದು? ಊರಲ್ಲಿರುವ ನನ್ನ ಭಾವ, ಪುತ್ತೂರಿನ ಕಡೆ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಒಮ್ಮೆ ಫೋನಿನಲ್ಲಿ ಇದನ್ನೇ ಕೇಳಿದರು.

“ಅಲ್ಲ ಮಾರಾಯ, ಅಲ್ಲಿ ರಜೆ ಕೊಡುದು ಯಾರು? ಡೀಸಿಯಾ?”

“ಇಲ್ಲ ಭಾವ, ಡೀಸಿ ಇಲ್ಲ ಇಲ್ಲಿ. ಸೂಪರಿಂಟೆಂಡೆಂಟ್ ಅಂತ ಒಬ್ಬರು ಇರ್ತಾರೆ.”

“ಹಾಗಾದ್ರೆ ಜೈಲಿನ ಹಾಗೆಯೇ ಆಯ್ತಲ್ಲ.”

ತಪ್ಪೇನೂ ಹೇಳಲಿಲ್ಲ. ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿವೆ. ಒಂದೊಂದಕ್ಕೂ ಒಂದು ಶಾಲಾ ಮಂಡಳಿ, ಹೆಚ್ಚಿನ ಕಡೆ ಜನರೇ ಆರಿಸಿದ್ದು. ಮಂಡಳಿಯ ಕೆಳಗೆ ಸೂಪರಿಂಟೆಂಡೆಂಟ್. ಇವರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹವಾಮಾನದವರನ್ನು ಕೇಳಿ, ರಸ್ತೆ ಗುಡಿಸುವವರನ್ನು ಕೇಳಿ, ಬಸ್ ಡಿಪೋದವರನ್ನು ಕೇಳಿ, ಅಕ್ಕಪಕ್ಕದ ಜಿಲ್ಲೆಯ ಸೂಪರಿಂಟೆಂಡೆಂಟುಗಳಿಗೆ ಫೋನ್ ಹಚ್ಚಿ, ಕೆಲವರು ತಾವೇ ಕಾರು ಹತ್ತಿ ಹಳ್ಳಿಯ ತಿರುವುಗಳಲ್ಲಿ ಬ್ರೇಕ್ ಒತ್ತಿ ನೋಡಿ, ಐದೂವರೆಯ ಹೊತ್ತಿಗೆ ಫರ್ಮಾನು ಹೊರಡಿಸಬೇಕು. ಇಷ್ಟೆಲ್ಲ ಶಾಸ್ತ್ರೋಕ್ತವಾಗಿ ನಡೆದರೂ ಅಂತಿಮವಾಗಿ ತೂಗುವುದು ಒಂದೇ: ಪಕ್ಕದ ಜಿಲ್ಲೆಯವನು ಏನು ಮಾಡಿದ? ಅವನು ಮುಚ್ಚಿ ನಾನು ತೆರೆದಾಗ ಒಂದು ಬಸ್ಸು ಜಾರಿದರೆ ನನ್ನ ನೌಕರಿ ಹೋಯಿತು. ಎಲ್ಲರೂ ಮುಚ್ಚಿ, ಒಂಬತ್ತು ಗಂಟೆಗೆ ಬಿಸಿಲು ಬಂದರೆ ಎಲ್ಲರಿಗೂ ಸಮಪಾಲು ಬೈಗುಳ. ಸಮಪಾಲು ಬೈಗುಳಕ್ಕೆ ಯಾರೂ ಸತ್ತ ದಾಖಲೆ ಇಲ್ಲ.

ನಮ್ಮ ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯಲ್ಲಿ ಇದರ ಸೊಗಸು ನೋಡಬೇಕು. ಕೌಂಟಿಯ ಒಂದು ತುದಿ ವಾಷಿಂಗ್ಟನ್ ನಗರಕ್ಕೆ ಅಂಟಿದೆ, ಇನ್ನೊಂದು ತುದಿ ಡಮಾಸ್ಕಸ್, ಪೂಲ್ಸ್‌ವಿಲ್‌ನ ಹೊಲಗದ್ದೆಗಳಲ್ಲಿ ಕೊನೆಯಾಗುತ್ತದೆ. ಮೇಲಿನ ಡಮಾಸ್ಕಸ್ಸಿನಲ್ಲಿ ಹಿಮ ಬಿದ್ದರೆ ಕೆಳಗಿನ ಸಿಲ್ವರ್ ಸ್ಪ್ರಿಂಗ್‌ನಲ್ಲೂ ಶಾಲೆ ಮುಚ್ಚುತ್ತದೆ, ಅಲ್ಲಿ ರಸ್ತೆ ಒಣಗಿ ಧೂಳೆದ್ದಿದ್ದರೂ. ಒಂದೇ ಆಡಳಿತ, ಒಂದೇ ಗುಂಡಿ, ಒತ್ತಿದರೆ ಎಲ್ಲರಿಗೂ. ಒಣ ರಸ್ತೆಯ ಮೇಲೆ ನಿಂತ ಅಪ್ಪ ಅಮ್ಮಂದಿರು ಶಾಪ ಹಾಕುತ್ತಾರೆ. ಅವರ ಮಕ್ಕಳಿಗೆ ಡಮಾಸ್ಕಸ್ ಪುಣ್ಯಕ್ಷೇತ್ರ.

ಮಕ್ಕಳ ಬಳಿಯೂ ಹವಾಮಾನ ಶಾಸ್ತ್ರವಿದೆ. ಹಿಂದಿನ ರಾತ್ರಿ ಪೈಜಾಮ ಒಳಹೊರಗು ಮಾಡಿ ಹಾಕಿಕೊಳ್ಳಬೇಕು, ದಿಂಬಿನಡಿ ಚಮಚ ಇಡಬೇಕು, ಐಸ್ ತುಂಡುಗಳನ್ನು ಕಕ್ಕಸಿಗೆ ಸುರಿದು ನೀರು ಬಿಡಬೇಕು. ಕಪ್ಪೆಗೆ ಮದುವೆ ಮಾಡಿ ಮಳೆ ತರಿಸುವವರ ವಂಶದವನಾದ ನನಗೆ ನಗುವ ಯೋಗ್ಯತೆ ಇಲ್ಲ. ಯಶಸ್ಸಿನ ಪ್ರಮಾಣದಲ್ಲಿ ಸೂಪರಿಂಟೆಂಡೆಂಟಿಗೂ ಚಮಚಕ್ಕೂ ಹೆಚ್ಚು ಅಂತರವಿದ್ದಂತೆ ಕಾಣುವುದಿಲ್ಲ.

ಸ್ನೋ ಡೇ ಎಂದರೆ ಕೆನೆ ಹಾಕಿದ ಬಿಸಿ ಚಾಕೊಲೇಟು, ಜಾರುಬಂಡಿ ಎಂದು ಬರೆಯುವ ಪತ್ರಿಕೆಗಳು ಒಂದು ಮಾತು ಬಿಟ್ಟುಬಿಡುತ್ತವೆ. ಅಂದು ಹಲವು ಜಿಲ್ಲೆಗಳಲ್ಲಿ ಬಸ್ ಚಾಲಕರಿಗೆ, ಅಡುಗೆಮನೆಯ ಹೆಂಗಸರಿಗೆ ಕೂಲಿ ಇಲ್ಲ. ಅವರದು ಗಂಟೆಯ ಲೆಕ್ಕದ ಸಂಬಳ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಶಾಲೆಯಲ್ಲೇ ತಿನ್ನುವ ಮಕ್ಕಳಿಗೆ ಅಂದು ಅದೂ ಇಲ್ಲ. ತಾಯಿ ಅಂಗಡಿಯಲ್ಲಿ ದುಡಿಯುವವಳಾದರೆ ಮಗುವನ್ನು ಯಾರ ಕೈಲಿ ಬಿಟ್ಟು ಹೋಗಬೇಕು? ಹಿಮ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ರಜೆ ಹಾಗೆ ಬೀಳುವುದಿಲ್ಲ. ಜೂನ್‌ನಲ್ಲಿ ಹೆಚ್ಚುವರಿ ದಿನ ನಡೆಸಿದಾಗ ಕೂಲಿಯವರಿಗೆ ಆ ಸಂಬಳವಾದರೂ ಮರಳುತ್ತದೆ. ಇಡೀ ಏರ್ಪಾಟಿನಲ್ಲಿ ನನಗೆ ಅರ್ಥವಾಗುವ ನ್ಯಾಯ ಅದೊಂದೇ. ಯಾವ ಮಂಡಳಿಯ ಸಭೆಯಲ್ಲೂ ಅದನ್ನು ಮೊದಲ ಕಾರಣವಾಗಿ ಹೇಳಿದ್ದು ನಾನು ಕೇಳಿಲ್ಲ. ಎಲ್ಲರೂ ಹೇಳುವುದು ‘ಕಲಿಕೆ’.

ಈಗ ಕ್ಯಾಲೆಂಡರಿನ ಒಡೆಯರ ಕಡೆಗೆ ಬರೋಣ. 2016ರ ಆಗಸ್ಟ್ 31ರಂದು ಮೇರಿಲ್ಯಾಂಡಿನ ಗವರ್ನರ್ ಲ್ಯಾರಿ ಹೋಗನ್ ಒಂದು ಮಹತ್ವದ ಶೈಕ್ಷಣಿಕ ಆದೇಶ ಹೊರಡಿಸಿದರು. ಎಲ್ಲಿ? ಯಾವುದಾದರೂ ಶಾಲೆಯಲ್ಲಿ ಎಂದು ನೀವು ಊಹಿಸಿದರೆ ಅದು ನಿಮ್ಮ ಒಳ್ಳೆಯತನ. ಓಷನ್ ಸಿಟಿ ಎಂಬ ಕಡಲ ತೀರದ ಪೇಟೆಯಲ್ಲಿ, ಹಲಗೆ ಹಾಸಿದ ಬೋರ್ಡ್‌ವಾಕ್ ಮೇಲೆ. ಹಿಂದೆ ಅಲೆ, ಪಕ್ಕದಲ್ಲಿ ವಿನೆಗರ್ ಸುರಿದ ಆಲೂಗಡ್ಡೆ ಫ್ರೈ ಮಾರುವ ಅಂಗಡಿಗಳು. ಆದೇಶ ಇಷ್ಟು: ಮರುವರ್ಷದಿಂದ ರಾಜ್ಯದ ಯಾವ ಸರ್ಕಾರಿ ಶಾಲೆಯೂ ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ಕಳೆಯುವ ಮುನ್ನ ತೆರೆಯಬಾರದು, ಜೂನ್ 15 ದಾಟಬಾರದು.

ಇದಕ್ಕೆ ಬೆನ್ನು ತಟ್ಟಿದವರು ಶಿಕ್ಷಣ ತಜ್ಞರಲ್ಲ, ರಾಜ್ಯದ ತೆರಿಗೆ ವಸೂಲಿಯ ಮುಖ್ಯಸ್ಥ, ಕಂಪ್ಟ್ರೋಲರ್ ಪೀಟರ್ ಫ್ರಾಂಚೊ. ‘ಬೇಸಿಗೆ ಬೇಸಿಗೆಯಾಗಿಯೇ ಇರಲಿ’ ಎಂಬರ್ಥದ ಘೋಷಣೆಯಡಿ ಅವರು ವರ್ಷಗಳಿಂದ ಸಹಿ ಸಂಗ್ರಹಿಸುತ್ತಿದ್ದರು. ಶಾಲೆ ಒಂದಷ್ಟು ತಡವಾಗಿ ತೆರೆದರೆ ರಾಜ್ಯದಲ್ಲಿ 7.43 ಕೋಟಿ ಡಾಲರ್ ವಹಿವಾಟು ಹೆಚ್ಚುತ್ತದೆ ಎಂದು 2013ರಲ್ಲಿ ಅವರ ಕಚೇರಿಯೇ ಲೆಕ್ಕ ಹಾಕಿ ಕೊಟ್ಟಿತ್ತು. ತೆರಿಗೆಯವರು ಮಕ್ಕಳ ಬಾಲ್ಯದ ಬಗ್ಗೆ ಇಷ್ಟು ಕಾಳಜಿ ತೋರಿಸಿದ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ. ಹೋಗನ್ ಪಕ್ಷದಲ್ಲಿ ರಿಪಬ್ಲಿಕನ್, ಫ್ರಾಂಚೊ ಡೆಮಾಕ್ರಾಟ್. ಬಜೆಟ್ಟಿನಲ್ಲಿ ಕೂಡದ ಪಕ್ಷಗಳು ಸಮುದ್ರಸ್ನಾನದಲ್ಲಿ ಕೂಡಿದವು. ಜನಮತ ಸಮೀಕ್ಷೆಗಳಲ್ಲಿ ಬಹುಮಂದಿ ಇವರ ಪರವೇ ಇದ್ದರು ಎನ್ನುವುದನ್ನೂ ಹೇಳಬೇಕು. ಆಗಸ್ಟಿನ ಕೊನೆ ವಾರ ಬೀಚಿಗೆ ಹೋಗಬೇಡಿ ಎಂದು ಮತದಾರನಿಗೆ ಯಾರು ಹೇಳುತ್ತಾರೆ? ತಮಾಷೆಯೆಂದರೆ ಓಷನ್ ಸಿಟಿ ಇರುವ ವುಸ್ಟರ್ ಕೌಂಟಿ ಯಾರ ಆದೇಶವೂ ಇಲ್ಲದೆ ಮೊದಲಿನಿಂದಲೇ ಲೇಬರ್ ಡೇ ಕಳೆದ ಮೇಲೆ ಶಾಲೆ ತೆರೆಯುತ್ತಿತ್ತು. ತನ್ನ ಮಕ್ಕಳು ಬೀಚಿನ ಅಂಗಡಿಯಲ್ಲಿ ಕೆಲಸ ಮಾಡಲು ಸಿಗುತ್ತಿದ್ದರು. ಕೊಳ್ಳಲು ಉಳಿದ ರಾಜ್ಯದ ಮಕ್ಕಳು ಬರಬೇಕಿತ್ತಷ್ಟೇ.

ಈಗ ಲೆಕ್ಕ ಮಾಡಿ ನೋಡಿ. ಮೇಲಿನ ತುದಿಗೆ ಮೊಳೆ, ಕೆಳಗಿನ ತುದಿಗೆ ಮೊಳೆ, ನಡುವೆ 180 ದಿನ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಈಸ್ಟರ್, ಚುನಾವಣೆಯ ದಿನ, ಇವೆಲ್ಲ ರಾಜ್ಯದ ಕಾನೂನಿನಲ್ಲೇ ಬರೆದ ರಜೆಗಳು, ಮುಟ್ಟುವಂತಿಲ್ಲ. ಇಂಥ ಕಡೆ ಹಿಮ ಬಿದ್ದರೆ ಎಲ್ಲಿಂದ ತುಂಬಬೇಕು? ಹಲವು ಜಿಲ್ಲೆಗಳು ವಸಂತದ ರಜೆಗೆ ಕೈ ಹಾಕಿದವು. ವಾರ ಪೂರ್ತಿ ಇದ್ದ ರಜೆ ಸವೆದು ಸವೆದು ಒಂದು ಉದ್ದನೆಯ ವಾರಾಂತ್ಯವಾಗಿ ನಿಂತಿತು. ಬೇಸಿಗೆಯನ್ನು ಉಳಿಸಲು ವಸಂತವನ್ನು ಮಾರಿದರು. ಮೊದಲ ವರ್ಷವೇ ಗೋಳು ಹೆಚ್ಚಿ, 2018ರಲ್ಲಿ ಶಾಸನಸಭೆ ಜೂನ್ 15ರ ಆಚೆಗೆ ಐದು ದಿನ ಹೋಗಬಹುದು ಎಂದು ಸಡಿಲಿಸಿತು. 2019ರಲ್ಲಿ, ಕ್ಯಾಲೆಂಡರ್ ನಿಮ್ಮದೇ ಎಂದು ಅಧಿಕಾರವನ್ನೇ ಶಾಲಾ ಮಂಡಳಿಗಳಿಗೆ ವಾಪಸು ಕೊಡುವ ಮಸೂದೆ ಪಾಸಾಯಿತು. ಗವರ್ನರ್ ವೀಟೊ ಹಾಕಿದರು. ಮಾರ್ಚ್ ಕೊನೆಯಲ್ಲಿ ಶಾಸನಸಭೆ ಆ ವೀಟೊವನ್ನೂ ಮೀರಿತು. ಒಂದನೇ ತರಗತಿ ಯಾವ ಸೋಮವಾರ ಶುರುವಾಗಬೇಕು ಎಂಬುದಕ್ಕೆ ಒಂದು ಸಂವಿಧಾನದಲ್ಲಿ ಇರುವ ಆಯುಧಗಳೆಲ್ಲ ಖರ್ಚಾದವು.

ಪೊಟೋಮ್ಯಾಕ್ ನದಿ ದಾಟಿ ವರ್ಜೀನಿಯಾಕ್ಕೆ ಹೋದರೆ ಹೀಗೆ ಮುಚ್ಚುಮರೆ ಇರಲಿಲ್ಲ. ಲೇಬರ್ ಡೇಗೆ ಮುಂಚೆ ಶಾಲೆ ತೆರೆಯಬಾರದೆಂಬ 1986ರ ಅಲ್ಲಿನ ಕಾನೂನಿಗೆ ಜನ ಕೊಟ್ಟ ಹೆಸರೇ ‘ಕಿಂಗ್ಸ್ ಡೊಮಿನಿಯನ್ ಕಾನೂನು’. ಕಿಂಗ್ಸ್ ಡೊಮಿನಿಯನ್ ಎಂದರೆ ರಿಚ್ಮಂಡ್ ಹತ್ತಿರದ ಒಂದು ಮನರಂಜನಾ ಪಾರ್ಕು. ರೋಲರ್ ಕೋಸ್ಟರುಗಳ ತಾಣ. ಅದರ ಗಿರಾಕಿಗಳೂ ಮಕ್ಕಳೇ, ಟಿಕೆಟ್ ಹರಿಯುವ ಬೇಸಿಗೆ ನೌಕರರೂ ಹೈಸ್ಕೂಲು ಮಕ್ಕಳೇ. ಶಾಲೆ ಬೇಗ ತೆರೆದರೆ ಅತ್ತ ಗಿರಾಕಿಯೂ ಇಲ್ಲ, ಇತ್ತ ಆಳೂ ಇಲ್ಲ. ಆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು, ಅದೇ ನನಗೆ ಪ್ರಿಯವಾದ ಭಾಗ. ಕಳೆದ ಹತ್ತು ವರ್ಷಗಳ ಪೈಕಿ ಯಾವುದಾದರೂ ಐದು ವರ್ಷ ಸರಾಸರಿ ಎಂಟು ದಿನ ಕೆಟ್ಟ ಹವಾಮಾನಕ್ಕೆ ಶಾಲೆ ಮುಚ್ಚಿದ್ದರೆ ವಿನಾಯಿತಿ; ಅಂಥ ಜಿಲ್ಲೆ ಆಗಸ್ಟಿನಲ್ಲೇ ತೆರೆಯಬಹುದು. ಅಂದರೆ ಸ್ವಾತಂತ್ರ್ಯ ಬೇಕಾದ ಜಿಲ್ಲೆ ಮೊದಲು ಸಾಕಷ್ಟು ಬಾರಿ ಬಾಗಿಲು ಹಾಕಿ ತೋರಿಸಬೇಕು. ಶಾಲೆ ಮುಚ್ಚಿದಷ್ಟೂ ಶಾಲೆ ತೆರೆಯುವ ಹಕ್ಕು ಗಟ್ಟಿ. ಏಳು ದಿನ ಮುಚ್ಚಿ ಎಂಟನೆಯ ದಿನ ನಾಲ್ಕು ಹನಿ ಹಿಮ ಕಂಡ ಸೂಪರಿಂಟೆಂಡೆಂಟ್ ಏನು ಯೋಚಿಸಿದ್ದಾನು ಎಂದು ನಾನು ಊಹಿಸಬಲ್ಲೆ. ವಿನಾಯಿತಿ ಪಡೆದ ಜಿಲ್ಲೆಯೊಂದರ ನಡುವೆ ಪೂರ್ತಿಯಾಗಿ ಸಿಕ್ಕಿಕೊಂಡ ಜಿಲ್ಲೆಗೂ ವಿನಾಯಿತಿ ಇತ್ತು: ನೆರೆಮನೆಯವರ ಹಿಮವೂ ನಡೆಯುತ್ತಿತ್ತು. ಕೊನೆಗೆ ವಿನಾಯಿತಿ ಪಡೆದವರೇ ಹೆಚ್ಚಾಗಿ, 2019ರಲ್ಲಿ ಕಾನೂನು ಬದಲಾಯಿತು. ಈಗ ಲೇಬರ್ ಡೇಗಿಂತ ಎರಡು ವಾರ ಮುಂಚೆ ತೆರೆಯಬಹುದು, ಆದರೆ ಹಬ್ಬದ ವಾರಾಂತ್ಯಕ್ಕೆ ಶುಕ್ರವಾರದಿಂದಲೇ ಮಕ್ಕಳನ್ನು ಬಿಟ್ಟುಕೊಡಬೇಕು. ರೋಲರ್ ಕೋಸ್ಟರ್ ರಾಜಿಗೆ ಒಪ್ಪಿಕೊಂಡಿತು.

ಅಯೋವಾದಲ್ಲಿ ಶಾಲೆ ಆಗಸ್ಟ್ 23ಕ್ಕೆ ಮೊದಲು ತೆರೆಯುವಂತಿಲ್ಲ. ರಾಜ್ಯದ ದೊಡ್ಡ ಜಾತ್ರೆ ಅದಕ್ಕೆ ತುಸು ಮುಂಚೆ ಮುಗಿದಿರುತ್ತದೆ. ಮಿನೆಸೋಟದ ಜಾತ್ರೆ ಲೇಬರ್ ಡೇಗೆ ಮುಗಿಯುತ್ತದೆ, ಅಲ್ಲಿನ ಕಾನೂನೂ ಆ ದಿನವನ್ನೇ ಹಿಡಿದು ಕೂತಿದೆ. ಉತ್ತರ ಕೆರೊಲಿನಾದಲ್ಲಿ 2004ರಿಂದ ಎರಡೂ ತುದಿ ಬಿಗಿದಿವೆ: ಆಗಸ್ಟ್ 26ಕ್ಕೆ ಹತ್ತಿರದ ಸೋಮವಾರ ಶುರು, ಜೂನ್ 11ಕ್ಕೆ ಹತ್ತಿರದ ಶುಕ್ರವಾರ ಮುಕ್ತಾಯ. ಅಲ್ಲಿನ ಎಷ್ಟೋ ಜಿಲ್ಲೆಗಳು ಈಚೆಗೆ ಕಾನೂನನ್ನು ರಾಜಾರೋಷವಾಗಿ ಮುರಿದು ಆಗಸ್ಟ್ ಆರಂಭದಲ್ಲೇ ತರಗತಿ ನಡೆಸುತ್ತಿವೆ. ಕದ್ದು ಪಾಠ ಮಾಡುವ ಶಾಲೆಗಳು! ಇದನ್ನೆಲ್ಲ ಕೇಳಿದರೆ, ಬೇಸಿಗೆ ರಜೆ ರೈತರ ಕಾಲದಿಂದ ಬಂದದ್ದು, ಮಕ್ಕಳು ಹೊಲದಲ್ಲಿ ದುಡಿಯಲೆಂದು ಕೊಟ್ಟದ್ದು ಎಂದು ಗಂಭೀರವಾಗಿ ಹೇಳುವವರು ಸಿಗುತ್ತಾರೆ. ಬಿತ್ತನೆ ವಸಂತದಲ್ಲಿ, ಕೊಯ್ಲು ಶರತ್ಕಾಲದಲ್ಲಿ. ನಡು ಬೇಸಿಗೆಯಲ್ಲಿ ಹೊಲಕ್ಕೆ ಮಗು ಯಾಕೆ? ಹಳ್ಳಿಯ ಮಕ್ಕಳು ಹಿಂದೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಶಾಲೆಗೆ ಹೋಗುತ್ತಿದ್ದರು. ಸೆಕೆ ತಾಳಲಾರದೆ ಊರು ಬಿಟ್ಟು ತಂಪಿಗೆ ಹೋಗುತ್ತಿದ್ದವರು ಪಟ್ಟಣದ ಉಳ್ಳವರು. ಅವರ ಪ್ರವಾಸಕ್ಕೆ ರೈತನ ಹೆಸರು.

ಇನ್ನು ಆ ಪ್ರಸಿದ್ಧ ಜೂನ್ ದಿನಗಳು. ಹಿಮಕ್ಕೆ ಕಳೆದುಕೊಂಡ ಕಲಿಕೆಯನ್ನು ಮರಳಿ ತುಂಬುವ ಪವಿತ್ರ ದಿನಗಳು. ಹೈಸ್ಕೂಲಿನವರು ಬರೆಯುವ, ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳು ದೇಶಕ್ಕೆಲ್ಲ ಒಂದೇ ಸಲ, ಮೇ ಮೊದಲೆರಡು ವಾರದಲ್ಲಿ. ನಿಮ್ಮೂರಲ್ಲಿ ಹಿಮ ಬಿತ್ತೆಂದು ಅವು ಕಾಯುವುದಿಲ್ಲ. ರಾಜ್ಯದ ಪರೀಕ್ಷೆಗಳೂ ವಸಂತದಲ್ಲೇ ಮುಗಿದಿರುತ್ತವೆ. ಫೆಬ್ರುವರಿಯಲ್ಲಿ ತಪ್ಪಿದ ಬೀಜಗಣಿತದ ಪಾಠವನ್ನು, ಅದರ ಪರೀಕ್ಷೆ ಆದ ತಿಂಗಳ ಮೇಲೆ, ಪುಸ್ತಕ ಹಿಂದಿರುಗಿಸಿ ಖಾಲಿ ಮಾಡಿದ ಕೋಣೆಯಲ್ಲಿ, ಮಕ್ಕಳು ಸಿನಿಮಾ ನೋಡುವ ಮೂಲಕ ಕಲಿಯುತ್ತಾರೆ. ಮೇಷ್ಟ್ರು ಗೋಡೆಯ ಪಟಗಳನ್ನು ಕಿತ್ತು ಡಬ್ಬಕ್ಕೆ ತುಂಬುತ್ತಿರುತ್ತಾರೆ. ಹಾಜರಿ ಮಾತ್ರ ಕಟ್ಟುನಿಟ್ಟು, ಏಕೆಂದರೆ ಈ ದಿನದ ಏಕೈಕ ಉತ್ಪನ್ನ ಅದೇ.

ಪಂಡಿತರನ್ನು ಕೇಳೋಣವೆಂದರೆ ಅವರಲ್ಲೂ ಎರಡು ಮತ. ಮೇರಿಲ್ಯಾಂಡಿನ ಅಂಕಿಗಳನ್ನು ಜಾಲಾಡಿದ ಮಾರ್ಕಾಟ್ ಮತ್ತು ಹೆಮೆಲ್ಟ್, ಹೆಚ್ಚು ಹಿಮ ಬಿದ್ದು ಶಾಲೆ ಮುಚ್ಚಿದ ವರ್ಷ ಪರೀಕ್ಷೆಯಲ್ಲಿ ಪಾಸಾಗುವವರು ಕಡಿಮೆ ಎಂದರು. ಮ್ಯಾಸಚೂಸೆಟ್ಸಿನ ಅಂಕಿಗಳನ್ನು ನೋಡಿದ ಜೋಶುವಾ ಗುಡ್‌ಮನ್ 2014ರಲ್ಲಿ, ಇಡೀ ಶಾಲೆ ಮುಚ್ಚಿದರೆ ಅಂಕದ ಮೇಲೆ ಪರಿಣಾಮವೇ ಕಾಣುವುದಿಲ್ಲ, ಒಬ್ಬೊಬ್ಬ ಮಗು ಒಂದೊಂದು ದಿನ ತಪ್ಪಿಸಿಕೊಳ್ಳುವುದೇ ಹಾನಿ ಎಂದರು. ಎಲ್ಲರೂ ತಪ್ಪಿಸಿಕೊಂಡರೆ ಮೇಷ್ಟ್ರು ನಿಂತಲ್ಲಿಂದ ಎಲ್ಲರನ್ನೂ ಕರೆದುಕೊಂಡು ಹೊರಡುತ್ತಾರೆ. ಮೂವರು ತಪ್ಪಿಸಿಕೊಂಡರೆ ಅವರಿಗಾಗಿ ಪಾಠ ನಿಲ್ಲಬೇಕು, ಇಲ್ಲ ಅವರು ಹಿಂದುಳಿಯಬೇಕು. ನನಗೆ ಗುಡ್‌ಮನ್ ಮಾತೇ ಸರಿ ಕಾಣುತ್ತದೆ, ಅದರಲ್ಲೂ ನಮ್ಮ ಕನ್ನಡ ಕೂಟದವರನ್ನು ನೋಡಿದ ಮೇಲೆ.

ನಮ್ಮವರ ವಿದ್ಯಾಪ್ರೇಮ ಲೋಕಪ್ರಸಿದ್ಧ. ಹೊರಗೆ ಹಿಮ ಬೀಳುತ್ತಿದ್ದಂತೆ, ಬೇರೆ ಮನೆಯ ಮಕ್ಕಳು ಹಿಮದ ಬೊಂಬೆ ಮಾಡುವ ಹೊತ್ತಿಗೆ, ನಮ್ಮ ಮನೆಗಳಲ್ಲಿ ಕುಮಾನ್ ಟ್ಯೂಷನ್ನಿನ ಪುಸ್ತಕ ತೆರೆಯುತ್ತದೆ. “ರಜೆ ಶಾಲೆಗೆ ಕಣೋ, ನಿನಗಲ್ಲ” ಎನ್ನುವ ಅಮ್ಮಂದಿರನ್ನು ನಾನು ಬಲ್ಲೆ. ಶಾಲೆ ಪದೇ ಪದೇ ಮುಚ್ಚುತ್ತದೆಂದು ಮಂಡಳಿಗೆ ಉದ್ದುದ್ದ ಇಮೇಲ್ ಬರೆಯುವವರಲ್ಲಿ ನಮ್ಮವರು ಮುಂದು. ಅದೇ ಮನೆಯವರು ಡಿಸೆಂಬರಿನಲ್ಲೇ ದೋಹಾ ಮೇಲಿನ ಬೆಂಗಳೂರು ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಜೂನ್ ಎರಡನೇ ವಾರಕ್ಕೆ ಕೊಂಡಿಟ್ಟಿರುತ್ತಾರೆ. ಫೆಬ್ರುವರಿಯ ಹಿಮ ಶಾಲೆಯ ಕೊನೆಯ ದಿನವನ್ನು ಮುಂದಕ್ಕೆ ತಳ್ಳಿದರೆ ವಿಮಾನ ಮುಂದಕ್ಕೆ ಹೋಗುವುದಿಲ್ಲ. ಮಲ್ಲೇಶ್ವರದಲ್ಲಿ ಉಪನಯನ, ಮೈಸೂರಲ್ಲಿ ಗೃಹಪ್ರವೇಶ, ಮುಹೂರ್ತ ಮೊದಲೇ ಗೊತ್ತಾಗಿದೆ. ಮಗುವಿಗೆ ಹುಷಾರಿಲ್ಲ ಎಂದು ಶಾಲೆಗೆ ಒಂದು ಸಾಲು ಬರೆದು ಹಾಕಿ ಸಂಸಾರ ಸಮೇತ ಆಕಾಶಕ್ಕೆ ಏರುತ್ತಾರೆ. ಪಂಚಾಂಗಕ್ಕೂ 180ಕ್ಕೂ ತಿಕ್ಕಾಟವಾದರೆ ಗೆಲ್ಲುವುದು ಪಂಚಾಂಗ.

ಸ್ನೋ ಡೇಯ ಮೇಲೆ ನಮ್ಮವರ ಇನ್ನೊಂದು ಋಣವೂ ಇದೆ. ನ್ಯೂಯಾರ್ಕ್ ನಗರದ ಶಾಲೆಗಳಿಗೆ ಈದ್, ಚೀನೀ ಹೊಸ ವರ್ಷ, ಜೂನ್‌ಟೀನ್ತ್ ರಜೆಗಳು ಒಂದೊಂದಾಗಿ ಸೇರಿ, ಕೊನೆಗೆ ದೀಪಾವಳಿಯೂ ಸೇರಿತು. ದೊಡ್ಡ ಸಂಭ್ರಮ, ಪಟಾಕಿಯೊಂದು ಬಾಕಿ. ಆದರೆ 180 ಹಾಗೇ ಉಳಿದಿತ್ತಲ್ಲ? ಇಷ್ಟು ಹಬ್ಬಗಳ ಮೇಲೆ ಹಿಮಕ್ಕೆ ಕೊಡಲು ದಿನವೇ ಉಳಿದಿಲ್ಲ, ಇನ್ನು ಹಿಮ ಬಿದ್ದರೆ ಮನೆಯಿಂದಲೇ ಆನ್‌ಲೈನ್ ಪಾಠ ಎಂದರು ಅಧಿಕಾರಿಗಳು. 2024ರ ಫೆಬ್ರುವರಿ 13ರಂದು ಅದರ ಪರೀಕ್ಷೆಯಾಯಿತು. ಸುಮಾರು 9 ಲಕ್ಷ ಮಕ್ಕಳ ವ್ಯವಸ್ಥೆ ಬೆಳಿಗ್ಗೆ ಒಟ್ಟಿಗೆ ಲಾಗಿನ್ ಆಗಲು ಹೋಗಿ ತಲೆಕೆಳಗಾಯಿತು. ಶಾಲೆಗಳ ಚಾನ್ಸಲರ್ ಡೇವಿಡ್ ಬ್ಯಾಂಕ್ಸ್, ತಪ್ಪು ಐಬಿಎಂನದು ಎಂದು ಬಹಿರಂಗವಾಗಿ ಹೇಳಿದರು. ಅಂದು ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದ ಹಿಮ 3.2 ಇಂಚು. ಮಕ್ಕಳು ಶಾಲೆಗೂ ಹೋಗಲಿಲ್ಲ, ಹಿಮದಲ್ಲೂ ಆಡಲಿಲ್ಲ. ತಿರುಗುವ ಚಕ್ರವನ್ನು ನೋಡುತ್ತಾ ಕೂತರು. ಲೆಕ್ಕದಲ್ಲಿ ಅದು ಪೂರ್ಣ ಪ್ರಮಾಣದ ಶಾಲಾ ದಿನ. ಅದಕ್ಕೆ ಹತ್ತು ವರ್ಷ ಹಿಂದೆ, ಸರಿಯಾಗಿ ಅದೇ ಫೆಬ್ರುವರಿ 13ರಂದು, ಇದೇ ನಗರ ಸುರಿಯುವ ಹಿಮದಲ್ಲಿ ಶಾಲೆ ತೆರೆದಿಟ್ಟಿತ್ತು. ಹೊರಗೆ ದಿನ ಬಹಳ ಸುಂದರವಾಗಿದೆ ಎಂದು ಅಂದಿನ ಚಾನ್ಸಲರ್ ಕಾರ್ಮೆನ್ ಫರೀನ್ಯಾ ಹೇಳಿದ್ದರು, ಶಾಲೆ ತೆರೆದಿಟ್ಟದ್ದಕ್ಕೆ ನಗರಾಡಳಿತ ಟೀವಿಯ ಹವಾಮಾನ ಪಂಡಿತ ಆಲ್ ರೋಕರ್ ಅವರಿಂದ ರಷ್ಯಾದ ಸೋಚಿಯಿಂದಲೇ ಬೈಸಿಕೊಂಡಿತ್ತು. ತೆರೆದರೂ ಬೈಗುಳ, ಮುಚ್ಚಿದರೂ ಬೈಗುಳ, ತೆರೆದೂ ಮುಚ್ಚಿದರೆ ಐಬಿಎಂ.

ಪಶ್ಚಿಮ ವರ್ಜೀನಿಯಾದ ಜೆಫರ್ಸನ್ ಕೌಂಟಿಯ ಸೂಪರಿಂಟೆಂಡೆಂಟ್ 2020ರ ಡಿಸೆಂಬರಿನಲ್ಲಿ, ಕೋವಿಡ್ ಕಾಲದಲ್ಲಿ, ಒಂದು ಪತ್ರ ಬರೆದರು: ನಾಳೆ ಆನ್‌ಲೈನ್ ಪಾಠವೂ ಇಲ್ಲ, ಹೋಗಿ ಹಿಮದಲ್ಲಿ ಆಡಿ, ಗಂಭೀರ ಕೆಲಸಗಳಿಗೆ ನಾಡಿದ್ದು ಮರಳೋಣ ಎಂಬುದು ಸಾರಾಂಶ. ಆ ಪತ್ರ ದೇಶವಿಡೀ ಹರಿದಾಡಿತು. ಒಬ್ಬ ಅಧಿಕಾರಿ ಮಕ್ಕಳಿಗೆ ಆಡಿರಿ ಎಂದದ್ದು ರಾಷ್ಟ್ರೀಯ ಸುದ್ದಿಯಾಗುವ ಮಟ್ಟಿಗೆ ದೇಶ ಮುಂದುವರಿದಿದೆ.

ಇದನ್ನೆಲ್ಲ ಭಾವನಿಗೆ ವರದಿ ಒಪ್ಪಿಸಿದೆ. ಅವರಿಗೆ ಏನೂ ಹೊಸದೆನಿಸಲಿಲ್ಲ. ಕರಾವಳಿಯಲ್ಲಿ ಜುಲೈ ಬಂತೆಂದರೆ ಮಕ್ಕಳ ಕಣ್ಣೆಲ್ಲ ಜಿಲ್ಲಾಧಿಕಾರಿಯ ಮೇಲೆ. ರಾತ್ರಿ ವಾಟ್ಸ್ಆ್ಯಪಿನಲ್ಲಿ ರಜೆಯ ಆದೇಶ, ಅದರ ಬೆನ್ನಿಗೆ ನಕಲಿ ಆದೇಶ, ಬೆಳಿಗ್ಗೆ ರಣ ಬಿಸಿಲು. “ಡೀಸಿ ರಜೆ ಕೊಟ್ಟರೆ ಮಳೆ ಹೆದರಿ ಓಡ್ತದೆ ಮಾರಾಯ” ಎಂದರು. ಹೋದ ದಿನಗಳಿಗೆ ಶನಿವಾರ ಮಧ್ಯಾಹ್ನ ತರಗತಿ. ಮಳೆಯದ್ದಾದರೂ ಸಹಿಸಬಹುದು ಎಂಬುದು ಅವರ ವಾದ. 2025ರ ಅಕ್ಟೋಬರಿನಲ್ಲಿ ದಸರಾ ರಜೆ ಮುಗಿದು ಮಕ್ಕಳು ಚೀಲ ಹೆಗಲಿಗೇರಿಸುವ ಹಿಂದಿನ ದಿನ, ಸರ್ಕಾರ ರಜೆಯನ್ನು 18ರವರೆಗೆ ಬೆಳೆಸಿತು. ಮಳೆಯಿಲ್ಲ, ಹಿಮವಿಲ್ಲ, ಮೇಷ್ಟ್ರುಗಳು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತುವುದು ಮುಗಿದಿರಲಿಲ್ಲ. ತಪ್ಪಿದ ಪಾಠಕ್ಕೆ ಆಮೇಲೆ ವಿಶೇಷ ತರಗತಿ. “ಶೈಕ್ಷಣಿಕ ಸ್ಥಿತಿ ಹೇಗುಂಟು ಅಂತ ತಿಳಿಯಲಿಕ್ಕೆ ಶಾಲೆಗೆ ಬೀಗ ಹಾಕಿದ್ರು” ಎಂದು ಭಾವ ನಕ್ಕರು. ಅಮೆರಿಕದಲ್ಲಿ ಕ್ಯಾಲೆಂಡರನ್ನು ಅಂಗಡಿಯವನು ಎಳೆಯುತ್ತಾನೆ, ನಮ್ಮಲ್ಲಿ ಸರ್ಕಾರಿ ಕಚೇರಿ ಎಳೆಯುತ್ತದೆ. ಎಳೆಸಿಕೊಳ್ಳುವ ಮಗುವಿನ ವಯಸ್ಸು ಎರಡೂ ಕಡೆ ಒಂದೇ.

ಮಗುವಿಗೆ ದನಿಯೇ ಇಲ್ಲ ಎನ್ನಲಾರೆ. ಮೇರಿಲ್ಯಾಂಡಿನ ಆನ್ ಅರಂಡೆಲ್ ಕೌಂಟಿಯ ಶಾಲಾ ಮಂಡಳಿಯಲ್ಲಿ ಒಬ್ಬ ಹೈಸ್ಕೂಲು ವಿದ್ಯಾರ್ಥಿ ಸದಸ್ಯನಿರುತ್ತಾನೆ, ದೊಡ್ಡವರಷ್ಟೇ ತೂಕದ ಪೂರ್ಣ ಮತದೊಂದಿಗೆ. ದೇಶದಲ್ಲೇ ಅಪರೂಪದ ಸಂಗತಿ, ನಿಜಕ್ಕೂ ಮೆಚ್ಚಬೇಕು. ರಾಜಧಾನಿ ಅನ್ನಾಪೊಲಿಸ್ ಇರುವುದೂ ಅದೇ ಕೌಂಟಿಯಲ್ಲಿ. ಮಂಡಳಿಯಲ್ಲಿ ಆ ಹುಡುಗನಿಗೆ ಒಂದು ಮತ. ಬೋರ್ಡ್‌ವಾಕಿನವರಿಗೆ ಮಂಡಳಿಯಲ್ಲಿ ಮತವಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಶಾಸನಸಭೆ ಅಲ್ಲೇ ಕೂಗಳತೆಯ ದೂರದಲ್ಲಿದೆ.

ಈಗ ಮೇರಿಲ್ಯಾಂಡಿನ ಬಹುಪಾಲು ಜಿಲ್ಲೆಗಳು ಮತ್ತೆ ಆಗಸ್ಟ್ ಕೊನೆಯಲ್ಲೇ ಶಾಲೆ ತೆರೆಯುತ್ತಿವೆ. ಪ್ರತಿ ವರ್ಷ ಮಂಡಳಿಗಳು ಹೊಸ ಕ್ಯಾಲೆಂಡರಿಗಾಗಿ ಪಾಲಕರ ಅಭಿಪ್ರಾಯ ಕೇಳುತ್ತವೆ, ತೀರ್ಮಾನಿಸುತ್ತವೆ, ಹಿಮ ಬಿದ್ದಾಗ ಮತ್ತೆ ತಿದ್ದುತ್ತವೆ. ಮೊದಲ ದಿನ ಅತ್ತಿತ್ತ, ಕೊನೆಯ ದಿನ ಅತ್ತಿತ್ತ. ಅಲುಗಾಡದ ಒಂದು ವಾರವೂ ಇದೆ. ಆಗಸ್ಟಿನ ಎರಡನೆಯ ಭಾನುವಾರದಿಂದ ಶನಿವಾರದವರೆಗೆ, ನೂರು ಡಾಲರ್ ಒಳಗಿನ ಬಟ್ಟೆ, ಚಪ್ಪಲಿಗೆ ಮಾರಾಟ ತೆರಿಗೆ ಮಾಫಿ. ಬೆನ್ನುಚೀಲಕ್ಕಾದರೆ ಮೊದಲ ನಲವತ್ತು ಡಾಲರಿಗೆ. ಶಾಲೆಗೆ ಹೋಗುವ ಮಕ್ಕಳ ಅನುಕೂಲಕ್ಕೆಂದು ರಾಜ್ಯದ ಕಾನೂನಿನಲ್ಲೇ ಬರೆದದ್ದು. ಇದಕ್ಕೆ ಹಿಮದ ಭಯವಿಲ್ಲ, ವಿನಾಯಿತಿಯ ಅರ್ಜಿ ಬೇಕಿಲ್ಲ, ಯಾವ ಸೂಪರಿಂಟೆಂಡೆಂಟೂ ನಾಲ್ಕು ಗಂಟೆಗೆ ಏಳಬೇಕಿಲ್ಲ. ನೋಡಿಕೊಳ್ಳುವುದು ಕಂಪ್ಟ್ರೋಲರ್ ಕಚೇರಿ.